ಒಂದು ಗೇಣು ಹೆಚ್ಚಿಗಿರಲಿ

ಇಮಾಮಸಾಬರ ಕೊರಳಲ್ಲಿ ತಾಯಿತ ಇರಲಿಲ್ಲ, ಆಯಸ್ಕಾಂತ ಇತ್ತು. ಕೆಟ್ಟ ರೇಡಿಯೊದಿಂದ ಕಿತ್ತ ದುಂಡನೆಯ ಕಪ್ಪು ಬಿಲ್ಲೆ, ಅದಕ್ಕೊಂದು ಕರಿದಾರ. ಚಹಾದಂಗಡಿಗೆ ಹೋದರೆ ಮೊದಲು ಚಮಚಕ್ಕೆ ತಾಗಿಸಿ ನೋಡುವರು. ಅಂಟಿಕೊಂಡರೆ, "ಸ್ಟೀಲ್ ಅಂತ ಹೇಳಿ ತಗಡು ಕೊಟ್ಟಾರ ನಿನಗ" ಎಂದು ಅಂಗಡಿಯವನ ಮುಖವನ್ನೇ ದಿಟ್ಟಿಸುವರು. ಮೊದಲ ಭೇಟಿಯಲ್ಲಿ ನನ್ನ ಬೆಲ್ಟಿನ ಬಕಲ್ಲಿಗೂ ಅದನ್ನು ತಾಗಿಸಿ "ಹೂಂ" ಎಂದರು. ಆ ಹೂಂ ಬಕಲ್ಲಿಗೋ ನನಗೋ ತಿಳಿಯಲಿಲ್ಲ.

ಅನುಮಾನದಲ್ಲಿ ನಾನೇನು ಕಡಿಮೆಯವನಲ್ಲ. ಹಾನಗಲ್ಲಿನ ಕೆರೆಯಲ್ಲಿ ಮೀನು ಹಿಡಿದು ಬದುಕುವವನು. ತಕ್ಕಡಿ ಹಿಡಿದವರನ್ನು ನಂಬಿ ಅಭ್ಯಾಸವಿಲ್ಲ. ನನ್ನದು ಕರಾವಳಿಯಿಂದ ಲಾರಿಯಲ್ಲಿ ತಂದ ಹಳೇ ಮರದ ದೋಣಿ. ಅದರ ಅಂಚಿನ ಸುತ್ತ ಇದ್ದ ರಬ್ಬರ್ ಪಟ್ಟಿ ಕಿತ್ತುಹೋಗಿ, ದಡದ ಕಲ್ಲುಮೆಟ್ಟಿಲಿಗೆ ಬಡಿದಾಗಲೆಲ್ಲ ಹಲಗೆ ಸೀಳುತ್ತಿತ್ತು. ಇನ್ನೊಂದು ಮಳೆಗಾಲ ಹೀಗೇ ಬಡಿದರೆ ದೋಣಿ ಒಲೆಗೆ, ನಾನು ಕೂಲಿಗೆ. ಹೊಸ ಪಟ್ಟಿಯ ಬೆಲೆಯನ್ನು ಫೋನಿನಲ್ಲಿ ಕೇಳಿ ಮರುಮಾತಾಡದೆ ಇಟ್ಟುಬಿಟ್ಟಿದ್ದೆ. ಆಗ ಯಾರೋ ಸವಣೂರಿನ ಈ ಬಡಿಗರ ಹೆಸರು ಹೇಳಿದರು. ಚಕ್ಕಡಿಯ ಗಾಲಿ ಮಾಡುತ್ತ ಮುದುಕರಾದವರು.

ಬಂದವರು ದೋಣಿಯ ಸುತ್ತ ಬೆರಳಿನ ಗೆಣ್ಣಿನಿಂದ ತಟ್ಟುತ್ತ ಒಂದು ಸುತ್ತು ಹಾಕಿದರು. "ಹಲಗಿ ಇನ್ನೂ ಗಟ್ಟಿ ಅದಾವು. ಪಟ್ಟಿ ಒಂದ ಬೇಕು. ಅಕ್ಕಿಆಲೂರಿಗೆ ನಡಿ."

ಅಲ್ಲಿಯ ಅಕ್ಕಿ ಗಿರಣಿಯ ಹಿಂದೆ ಸವೆದ ಬೆಲ್ಟೊಂದು ಬಿದ್ದಿತ್ತು. ದಪ್ಪ ರಬ್ಬರು, ಒಳಗೆ ಬಟ್ಟೆಯ ಪದರ. ಗಿರಣಿಯವರು, ನಾವು ಒಯ್ದರೆ ಜಾಗ ಖಾಲಿಯಾದೀತೆಂದರು. ಇಮಾಮಸಾಬರು ಅದನ್ನು ಬಾಗಿಸಿ, ಮೂಸಿ, ಕೊನೆಗೆ ಹಲ್ಲಿನಿಂದ ಕಚ್ಚಿ ನೋಡಿ ಒಪ್ಪಿದರು. ಹಾನಗಲ್ಲಿಗೆ ಬಂದು ಸ್ಕ್ರೂ ಕೊಳ್ಳುವಾಗ ಇಡೀ ಡಬ್ಬಿಯನ್ನು ಕೌಂಟರಿನ ಮೇಲೆ ಸುರಿದು ಆಯಸ್ಕಾಂತ ಆಡಿಸಿದರು. ಅಂಟದವನ್ನಷ್ಟೇ ಆರಿಸಿದರು. "ಅಂಟಿದ್ದು ನೀರಾಗ ತುಕ್ಕು ಹಿಡೀತೈತಿ, ತಮ್ಮಾ."

ಸಂಜೆ ಕೆರೆದಂಡೆಯಲ್ಲಿ ಬೆಲ್ಟನ್ನು ಉದ್ದಕ್ಕೆ ಸೀಳಿ ಎರಡು ಪಟ್ಟಿ ಮಾಡಿದರು, ಎಡಬಲಕ್ಕೆ ಒಂದೊಂದು. "ಎರಡೂ ಒಂದೊಂದು ಗೇಣು ಹೆಚ್ಚಿಗಿರ್ಲಿ. ನೀರಾಗ ನೆನೆಹಾಕು, ನಾಳೆ ಬಂದು ಬಡೀತೇನಿ."

"ಹೆಚ್ಚಿಗಿ ಯಾಕ್ರಿ ಕಾಕಾ?"

"ಹೇಳಿದ್ರ ನೀ ನಂಬಂಗಿಲ್ಲ. ಇರ್ಲಿ ಬಿಡು."

ನನ್ನ ಕಣ್ಣು ಅವರ ಚಪ್ಪಲಿಯ ಮೇಲೆ ಬಿತ್ತು. ಅಡಿಯ ಅಟ್ಟೆ ಎಂಥದು? ಗಿರಣಿ ಬೆಲ್ಟಿನದೇ! ಓಹೋ, ಕಾಕಾನ ಮುಂದಿನ ಚಪ್ಪಲಿ ನನ್ನ ದೋಣಿಯಿಂದ ಹೊರಡುತ್ತದೆ ಎಂದುಕೊಂಡೆ. ಅವರು ಬಸ್ಸು ಹತ್ತಿದ್ದೇ ತಡ, ನೆನೆಹಾಕಿದ್ದನ್ನು ಎಳೆದು, ಗರಗಸದಿಂದ ಎರಡೂ ಗೇಣು ಕೊಯ್ದು, ತುಂಡುಗಳನ್ನು ಬೈಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಅಂದು ಊಟ ರುಚಿಸಿತು.

ಮರುದಿನ ಬೆಳಿಗ್ಗೆ ಹಿಂದಿನ ಮೂಲೆಗಳಿಂದ ಪಟ್ಟಿ ಹಾಸುತ್ತ ಬಂದರೆ, ದೋಣಿಯ ಮೂತಿಯಲ್ಲಿ ಎರಡರ ತುದಿ ಕೂಡಲಿಲ್ಲ. ನಡುವೆ ಒಂದು ಪಾದದಷ್ಟು ಬರಿ ಮರ. ಮೆಟ್ಟಿಲಿಗೆ ಮೊದಲು ಬಡಿಯುವ ಜಾಗವೇ ಅದು. ಇಮಾಮಸಾಬರು ತುದಿಯನ್ನು ಎತ್ತಿ ನೋಡಿದರು. ಅವರು ಚಾಕುವಿನಿಂದ ಓರೆಯಾಗಿ ಕತ್ತರಿಸಿದ್ದರು; ನನ್ನ ಗರಗಸದ ಕೊಯ್ತ ನೆಟ್ಟಗೆ, ದಾರ ದಾರ ಎದ್ದಿತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿದರು.

"ಒಳಗ ಬಟ್ಟಿ ಐತಲ್ಲ, ನೀರು ಕುಡದು ಕುಗ್ಗೈತಿ," ಎಂದರು. ಆಮೇಲೆ ನನ್ನ ಮುಖ ನೋಡಿದರು. "ಎಲ್ಲೆರ ತುಂಡು ಉಳದೈತೇನು?"

ಬೈಕ್ ಹತ್ತು ಹೆಜ್ಜೆ ದೂರದಲ್ಲಿತ್ತು. "ಇಲ್ರಿ ಕಾಕಾ," ಎಂದೆ.

"ಹಂಗಾರ ನನ್ನ ಅಳತಿನ ತಪ್ಪಿರಬೇಕು."

ಕಲ್ಲಿನ ಮೇಲೆ ಕುಳಿತು ಬಲಗಾಲಿನ ಚಪ್ಪಲಿ ಬಿಚ್ಚಿದರು. ಮೊಳೆ ಕಿತ್ತು ಅಟ್ಟೆ ಬೇರೆ ಮಾಡಿ, ಅಂಚು ಹೆರೆದು ಮೂತಿಗೆ ಕೂಡಿಸಿದರು. ಅಳೆದು ಹೊಲಿದ ಹಾಗೆ ಕೂತಿತು. ನನ್ನ ಚಪ್ಪಲಿ ಕೊಡಲು ಹೋದರೆ ಬಾಗಿಸಿ ಮೂಸಿದರು. "ಇದು ರಬ್ಬರ ಅಲ್ಲ. ಮಾರಿದಂವನ್ನ ನಂಬಬ್ಯಾಡ" ಎಂದು ವಾಪಸು ಕೊಟ್ಟು, ಉಳಿದ ಚಪ್ಪಲಿಯನ್ನೂ ಅಟ್ಟೆಯಿಲ್ಲದ್ದನ್ನೂ ಚೀಲಕ್ಕೆ ಹಾಕಿ, ಬರಿಗಾಲಲ್ಲಿ ಬಸ್‌ಸ್ಟ್ಯಾಂಡಿಗೆ ನಡೆದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಎರಡು ಮಳೆಗಾಲ ದೋಣಿ ಮೆಟ್ಟಿಲಿಗೆ ಬಡಿದು ಬಡಿದು ಬಂತು. ಹಲಗೆಯಲ್ಲಿ ಹೊಸ ಬಿರುಕು ಒಂದೂ ಇಲ್ಲ. ಸವಣೂರಿಗೆ ಹೋಗಬೇಕು, ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಇದ್ದೆ; ತುಂಡುಗಳು ಬೈಕಿನ ಪೆಟ್ಟಿಗೆಯಲ್ಲೇ ಇದ್ದವು. ಕಾಕಾ ತೀರಿಕೊಂಡ ಸುದ್ದಿಯನ್ನು ಸವಣೂರಿನಿಂದ ವೀಳ್ಯದೆಲೆ ತರುವ ವ್ಯಾಪಾರಿ ಸಂತೆಯಲ್ಲಿ ಹೇಳಿದ. ಅಂದೇ ಬೈಕ್ ಹತ್ತಿದೆ.

ಅವರ ಮನೆಯ ಪಡಸಾಲೆಯಲ್ಲಿ ಆಯಸ್ಕಾಂತ ಮೊಳೆಗೆ ತೂಗುತ್ತಿತ್ತು, ಮನೆಯ ಕೀಲಿಕೈ ಅದಕ್ಕೆ ಅಂಟಿಕೊಂಡಿತ್ತು. ಹಾನಗಲ್ಲಿನ ದೋಣಿಯವನು ಎಂದು ನಾನು ಹೇಳುತ್ತಲೇ ಅವರ ಹೆಂಡತಿ ಬೆಂಚಿನ ಕೆಳಗಿಂದ ಒಂದು ಚಪ್ಪಲಿ ಜೋಡಿ ಎಳೆದರು. ಬಲಗಾಲಿನದಕ್ಕೆ ಅಟ್ಟೆ ಇರಲಿಲ್ಲ.

"ಒಗದುಬಿಡ್ತೇನಿ ಅಂದ್ರ ಬ್ಯಾಡಂತಿದ್ರು, ತಮ್ಮಾ. ಅವನ ಕಡೆ ಎರಡು ತುಂಡು ಅದಾವು, ಒಂದಿಲ್ಲೊಂದಿನ ತಂದ ಕೊಡ್ತಾನ ಅಂತಿದ್ರು. ತಂದೀರೇನು?"

ಬೈಕ್ ಅಂದಿನಂತೆ ಹತ್ತೇ ಹೆಜ್ಜೆ ದೂರದಲ್ಲಿತ್ತು. ಹೋಗಿ ತಂದೆ.