ಉತ್ತರದಿಂದ ಹಿಂದಕ್ಕೆ ಬರೆದ ಅಳತೆಗಳು

ಕಳೆದ ವಾರ ನಮ್ಮ ಸಂಸ್ಥೆಯಲ್ಲಿ ಯಾರೋ ಹಳೆಯ ಸೋಡಿಯಂ ದೀಪವೊಂದನ್ನು ಹೊತ್ತಿಸಿದರು. ಕಾದ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಂಜನಗೂಡಿನ ಕಾಲೇಜಿನ ಕತ್ತಲೆ ಕೋಣೆ, ಅಲ್ಲಿ ಕುರ್ಚಿ ಬಿಟ್ಟೇಳದ ನಮ್ಮ ಫಿಸಿಕ್ಸ್ ಮೇಷ್ಟ್ರು ಕಣ್ಣ ಮುಂದೆ ಬಂದರು. ಪ್ರೀತಿಯಿಂದ ನೆನೆಯುತ್ತಿಲ್ಲ...

ಅವರ ಪ್ರಯೋಗಗಳೆಲ್ಲ ಕೊನೆಯ ಪುಟದಿಂದ ಶುರುವಾಗುತ್ತಿದ್ದವು. ಗೈಡಿನಲ್ಲಿದ್ದ ಉತ್ತರವನ್ನು ಮೊದಲು ಪೆನ್ನಿನಲ್ಲಿ ಬರೆಸುವುದು. ಆಮೇಲೆ ಅದಕ್ಕೆ ಹೊಂದುವ ಅಳತೆಗಳನ್ನು ಹಿಂದಕ್ಕೆ ಲೆಕ್ಕ ಹಾಕಿ ತುಂಬಿಸುವುದು. ಬೆಳಕನ್ನು ಬಣ್ಣದ ಗೆರೆಗಳಾಗಿ ಬಿಡಿಸಿ ತೋರಿಸುವ ಉಪಕರಣದ ಮೇಲೆ ಅವರ ಟವೆಲ್ ಒಣಗುತ್ತಿತ್ತು.

ನಾನು ಟವೆಲ್ ಸರಿಸಿ ಇಣುಕಿದೆ. ಸೋಡಿಯಂ ಬೆಳಕಿನ ಆ ಹಳದಿ ಗೆರೆ ಕಂಡಾಗ ಆದ ಸಂತೋಷ... ಗೆರೆ ನಿಂತ ಜಾಗವನ್ನು ಮೂರು ಸಲ ಅಳೆದೆ. ಮೂರು ಸಲವೂ ಒಂದೇ ಉತ್ತರ, ಆದರೆ ಗೈಡಿನದ್ದಲ್ಲ.

"ಏನವ್ವಾ, ಇಡೀ ಪ್ರಪಂಚಕ್ಕೆ ಬರೋ ಉತ್ತರ ನಿಂಗೆ ಮಾತ್ರ ಬರಾಕಿಲ್ವಾ? ನಿಮ್ಮೂರು ಮೂಗೂರಿನ ಸೋಡಿಯಂ ಬೇರೇನಾ?" ಎಂದರು ಮೇಷ್ಟ್ರು. ತರಗತಿಯೆಲ್ಲ ನಕ್ಕಿತು.

"ಕಂಡಿದ್ದನ್ನೇ ಬರ್ದಿದೀನಿ ಸಾ. ಯಾಕಿಂಗ್ ಬತ್ತದೆ, ಒಂದ್ಸಲ ನೋಡಿ ಸಾ."

"ನೋಡೋಕೇನದೆ? ಸರಿ ಮಾಡ್ಕೊಂಡು ಬಾ, ರೆಕಾರ್ಡಿಗೆ ಸೈನ್ ಆಕ್ತೀನಿ. ಇಲ್ದಿದ್ರೆ ಪರೀಕ್ಷೆಗೆ ಕೂರ್ಬೇಡ."

ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಸಹಿಯಿಲ್ಲದೆ ಡಿಗ್ರಿಯಿಲ್ಲ. ಟಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಮೂಗೂರು ಬಸ್ಸಿಗೆ ಕಾಯುತ್ತ ಆ ಹಾಳೆ ಹರಿದೆ, ಹೊಸ ಹಾಳೆಯಲ್ಲಿ ಸುಳ್ಳು ಅಳತೆ ತುಂಬಿದೆ. ಮರುದಿನ ಮೇಷ್ಟ್ರು 'ಗುಡ್' ಎಂದು ಬರೆದು ಸಹಿ ಹಾಕಿದರು. ಆ 'ಗುಡ್' ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಈಗ ನಾನಿರುವುದು ಗೆಲಾಕ್ಸಿಗಳ ಸಮೀಕ್ಷೆ ಮಾಡುವ ತಂಡದಲ್ಲಿ. ಒಂದೊಂದು ಗೆಲಾಕ್ಸಿಯ ಬೆಳಕಿನ ಗೆರೆ ಕೆಂಪಿನ ಕಡೆಗೆ ಎಷ್ಟು ಸರಿದಿದೆಯೆಂದು ಅಳೆದು ಅದರ ದೂರ ಗುರುತಿಸುತ್ತೇವೆ. ಲಕ್ಷಾಂತರ ಗೆಲಾಕ್ಸಿಗಳು ಎಲ್ಲಿ ಗುಂಪುಗೂಡಿವೆ, ಎಲ್ಲಿ ಜಾಗ ಖಾಲಿ ಬಿಟ್ಟಿವೆ ಎಂಬ ನಕ್ಷೆಯಿಂದ, ವಿಶ್ವ ಎಳೆಯದಾಗಿದ್ದಾಗ ಹೇಗಿತ್ತೆಂದು ತಿಳಿಯುತ್ತದೆ. ಬೇಕಾದ ಉತ್ತರಕ್ಕೆ ತಕ್ಕಂತೆ ಯಾರೂ ಲೆಕ್ಕ ತಿರುಚದಿರಲೆಂದು ಇಲ್ಲಿ ಅಂತಿಮ ಉತ್ತರವನ್ನು ನಮ್ಮಿಂದಲೇ ಮುಚ್ಚಿಡುತ್ತಾರೆ. ಲೆಕ್ಕದ ವಿಧಾನಕ್ಕೆ ಎಲ್ಲರೂ ಒಪ್ಪಿ, ಇನ್ನು ತಿದ್ದುವಂತಿಲ್ಲ ಎಂದಾದ ಮೇಲೆಯೇ ತೆರೆಯುವುದು. ನಮ್ಮ ಮೇಷ್ಟ್ರಂಥವರು ಎಲ್ಲ ದೇಶಗಳಲ್ಲೂ ಇರುತ್ತಾರೆಂದೇ ಈ ಕಾವಲು ಇರಬೇಕು.

ಮೇಷ್ಟ್ರು ತೀರಿಕೊಂಡ ಸುದ್ದಿ ಈ ಬೇಸಿಗೆಯಲ್ಲಿ ಬಂತು. ಕಣ್ಣೀರು ಬರಲಿಲ್ಲ, ಬರಲಿಲ್ಲವೆಂದು ನಾಚಿಕೆಯೂ ಇಲ್ಲ. ಆದರೆ ಅವತ್ತು ಮೂರು ಸಲವೂ ಗೆರೆ ಅಲ್ಲೇ ಯಾಕೆ ನಿಂತಿತ್ತು? ಉಪಕರಣ ಓರೆಯಾಗಿತ್ತೋ, ನನ್ನ ಕಣ್ಣು ತಪ್ಪಿತ್ತೋ... ಉಪಕರಣ ಗುಜರಿಗೆ ಹೋಯಿತಂತೆ. ಹಾಳೆಯನ್ನು ನಾನೇ ಹರಿದೆ. ನನ್ನ ಜೀವನದ ಮೊದಲ ನಿಜವಾದ ಅಳತೆ ಎಷ್ಟಿತ್ತೆಂಬುದು ನನಗೀಗ ನೆನಪಿಲ್ಲ.