ಚುಚ್ಚದ ಕಂಬಳಿ

ಆಗ ನಾನು ಪಾವಗಡದಲ್ಲಿ ಮೇಷ್ಟರಾಗಿದ್ದೆ. ಕ್ರಿಸ್‌ಮಸ್ ರಜೆಗೆ ಮಧುಗಿರಿಯ ಮನೆಗೆ ಹೊರಟವನು ಸುತ್ತು ಹಾಕಿ ಸಿರಾ ಸಂತೆಗೆ ಹೋದೆ. ಅಪ್ಪನಿಗೆ ಆ ವರ್ಷದ ಚಳಿ ಎದೆಗೆ ಇಳಿದು ಕೆಮ್ಮು ಹತ್ತಿತ್ತು. ಒಂದು ಒಳ್ಳೆಯ ಕಂಬಳಿ ಬೇಕಾಗಿತ್ತು.

ಕಂಬಳಿ ನೇಯುವ ಮುದುಕನೊಬ್ಬ ಕೇಳಿದ, "ಯಾರಿಗೆ ಸ್ವಾಮಿ?"

"ನಮ್ಮಪ್ಪನಿಗೆ. ಎಪ್ಪತ್ತು ದಾಟಿದೆ."

"ಅಂಗಾದ್ರೆ ಹೊಸದು ಕೊಡಾಕಿಲ್ಲ. ಹುಣಸೆಬೀಜದ ಗಂಜಿ ಹಾಕಿವ್ನಿ, ಹಲಗೆ ಇದ್ದಂಗದೆ. ವಯಸ್ಸಾದವ್ರ ಮೈಗೆ ಚುಚ್ತದೆ. ಈ ವರ್ಷ ನೀವು ಹೊದ್ದು ಮೆತ್ತಗೆ ಮಾಡಿ, ಬರೋ ವರ್ಷ ಅವ್ರಿಗೆ ಕೊಡಿ."

"ಚಳಿ ಈ ವರ್ಷದ್ದಯ್ಯಾ" ಎಂದೆ.

ಅವನು ಸ್ವಲ್ಪ ಯೋಚಿಸಿದ. ತನ್ನ ಹೆಗಲ ಮೇಲಿದ್ದ ಹಳೆಯ ಕಂಬಳಿಯನ್ನು ಕೊಡವಿ ನನ್ನ ಕೈಗಿಟ್ಟು, ಹೊಸದನ್ನು ತಾನೇ ಹೊದ್ದುಕೊಂಡ.

"ನನ್ ಚರ್ಮ ದಪ್ಪ, ಬುಡಿ."

ಅಪ್ಪ ಬೇರೆಯವರು ಮುಟ್ಟಿದ ಲೋಟದಲ್ಲಿ ನೀರು ಕುಡಿಯುವವರಲ್ಲ. ದಾರಿಯುದ್ದಕ್ಕೂ ನನಗೆ ಅದೇ ಚಿಂತೆ. ಮನೆ ತಲುಪಿದವನು ಹೊಸದೆಂದು ಸುಳ್ಳು ಹೇಳಿ ಹೊದಿಸಿದೆ.

ಅಪ್ಪ ಅದರ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಹೊಸದು ಚುಚ್ಚುತ್ತದೆ. ಇದು ಯಾರೋ ಹೊದ್ದದ್ದು."

ನಾನು ಅದನ್ನು ತೆಗೆಯಲು ಕೈ ಚಾಚಿದೆ.

"ಉಣ್ಣೆಗೆ ಮೈಲಿಗೆಯಿಲ್ಲ ಕಣೋ" ಎಂದು ಅದನ್ನು ಕುತ್ತಿಗೆಯವರೆಗೆ ಎಳೆದುಕೊಂಡರು. ಆಮೇಲೆ, "ಕೊಟ್ಟವನು ಬುದ್ಧಿವಂತ" ಎಂದರು.

ತಂದವನ ಬಗ್ಗೆ ರಜೆ ಮುಗಿಯುವವರೆಗೂ ಏನೂ ಹೇಳಲಿಲ್ಲ.