ಒಂದು ಚಿಟಿಕೆ ಸ್ಫಟಿಕ

"ನಿನ್ ಮೋರೆ ಎಣ್ಣೇಲಿ ಒಂದು ಒಗ್ಗರಣೆ ಆಯ್ತದೆ ಕಣೇ," ಎಂದು ಸೋದರತ್ತೆ ನನ್ನ ಮೊಡವೆ ಮುಖವನ್ನು ನೆಂಟರೆದುರು ಆಡಿಕೊಳ್ಳುತ್ತಿದ್ದಳು. ರೋಷಕ್ಕೆ ಆಲೂರಿನಿಂದ ರೋಸ್‌ವಾಟರ್ ತಂದು, ಕಾಯಿಸಿ ಆರಿಸಿದ ನೀರು ಬೆರೆಸಿ, ಕ್ಷೌರದವರು ಬಳಸುವ ಸ್ಫಟಿಕ, ಅಂದರೆ ಪಟಿಕ, ಚಿಟಿಕೆಯಷ್ಟು ಕರಗಿಸಿ ಮುಖಕ್ಕೆ ಹಚ್ಚುವ ಟೋನರ್ ನಾನೇ ಮಾಡಿಕೊಂಡೆ. ಸ್ಫಟಿಕ ಕುಟ್ಟಿ ಕೊಟ್ಟವಳು ಅತ್ತೆಯ ಮಗಳು. ತಿಂಗಳಲ್ಲಿ ಜಿಡ್ಡು ಹೋಗಿ ಮೊಡವೆ ಬಾಡಿದವು.

ಆ ಮಗಳನ್ನು ನೋಡಲು ಗಂಡಿನವರು ಬರುವ ಹಿಂದಿನ ದಿನ ಅವಳಿಗೂ ಟೋನರ್ ಬೇಕೆಂದು ಅತ್ತೆ ಖಾಲಿ ಬಾಟಲಿ ಹಿಡಿದು ಬಂದಳು. ಚಿಟಿಕೆಯ ಜಾಗದಲ್ಲಿ ಎರಡು ಚಮಚ ಸ್ಫಟಿಕ ಹಾಕಿ, ನಿಂಬೆಹಣ್ಣು ಹಿಂಡಿ ಕೊಟ್ಟೆ.

ಬೆಳಿಗ್ಗೆ ಹುಡುಗಿಯ ಕೆನ್ನೆ ಕೆಂಪಗೆ ಊದಿ ಸಿಪ್ಪೆ ಎದ್ದಿತ್ತು. ಬಂದವರು ಉಪ್ಪಿಟ್ಟನ್ನೂ ಮುಟ್ಟದೆ ಎದ್ದರು.

"ನಿನ್ ಟೋನರ್ ಚೆನ್ನಾಗೇ ಐತೆ, ನನ್ ಚರ್ಮಾನೇ ಸರಿ ಇಲ್ಲ ಕಣೇ," ಎಂದು ಅವಳು ನನ್ನ ಭುಜಕ್ಕೊರಗಿ ಅತ್ತಳು.

ಹೌದು ಎಂದೆ.